ಮುಂದೋ, ಹಿಂದೋ? ಟ್ರ್ಯಾಕ್ಟರಿಗೆ ಸ್ನೋ ಬ್ಲೋವರ್ ಕಟ್ಟಿದ ಕಥೆ

ಹೋದ ಸಲ ಶಾಸನಗಳ ಬಗ್ಗೆ ಮಾತಾಡಿದಾಗ ನಿಮ್ಮಲ್ಲೊಬ್ಬರು, "ಆಂಟಿ, ಇತಿಹಾಸ ಅಂದ್ರೆ ಬರೀ ರಾಜರು, ಕಲ್ಲುಗಳೇನಾ?" ಅಂತ ಕೇಳಿದ್ದಿರಿ. ಖಂಡಿತ ಅಲ್ಲ. ಈ ಸಲ ನಿಮಗೆಲ್ಲ ಗೊತ್ತಿರುವ ಹಿಮದ ಇತಿಹಾಸವನ್ನೇ ಹೇಳುತ್ತೇನೆ. ಹಿಮ ತೆಗೆಯುವ ಯಂತ್ರವನ್ನು ಟ್ರ್ಯಾಕ್ಟರಿನ ಮುಂದೆ ಕಟ್ಟಬೇಕೋ, ಹಿಂದೆ ಕಟ್ಟಬೇಕೋ ಅನ್ನುವ ಚಿಕ್ಕ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷದ ಕಥೆ ಇದೆ.

ಮೊದಲು ಈ ಪ್ರಶ್ನೆ ನಮ್ಮ ಮನೆಗೆ ಹೇಗೆ ಬಂತು ಅಂತ ಹೇಳಿಬಿಡುತ್ತೇನೆ. ನಾವಿರುವುದು ಒಂಟಾರಿಯೊದ ಆರೆಂಜ್‌ವಿಲ್ ಕಡೆಯ ಹಳ್ಳಿಯಲ್ಲಿ. ರಸ್ತೆಯಿಂದ ಮನೆ ಬಾಗಿಲಿಗೆ ಮುನ್ನೂರು ಅಡಿ ಜಲ್ಲಿಯ ಹಾದಿ. ಮೂರು ವರ್ಷದ ಹಿಂದೆ ಜನವರಿಯ ಒಂದು ರಾತ್ರಿ ನಮ್ಮ ಮಾವನವರಿಗೆ ಉಸಿರಾಟ ಕಷ್ಟವಾಯಿತು. ಆಂಬುಲೆನ್ಸ್ ಬೇಗನೆ ಬಂತು. ಆದರೆ ಹಾದಿಯ ತುಂಬ ಮೊಣಕಾಲುದ್ದ ಹಿಮ. ಗಾಡಿಯ ಕೆಂಪು ದೀಪ ಕಿಟಕಿಯಿಂದ ಕಾಣುತ್ತಿದೆ, ಮನೆಯವರೆಗೆ ಬರಲಾಗುತ್ತಿಲ್ಲ. ನಮ್ಮವರು ಸಲಿಕೆ ಹಿಡಿದು ಓಡಿದರು. ಆ ಹಿಮಕ್ಕೆ ಒಂದು ಸಲಿಕೆ ಎಲ್ಲಿ ಸಾಲುತ್ತದೆ?

ಆಗ ಪಕ್ಕದ ಜಮೀನಿನ ಅಜ್ಜ ಬಂದರು. ಎಪ್ಪತ್ತು ದಾಟಿದ ರೈತ. ಅವರ ಹಳೆಯ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಸ್ನೋ ಬ್ಲೋವರ್ ಕಟ್ಟಿತ್ತು. ಅವರು ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಟ್ರ್ಯಾಕ್ಟರನ್ನು ರಿವರ್ಸಿನಲ್ಲಿ ಓಡಿಸುತ್ತಾ, ಮುನ್ನೂರು ಅಡಿಯನ್ನೂ ಬಿಡಿಸಿಕೊಟ್ಟರು. ಮಾವನವರು ಉಳಿದರು. ಮರುದಿನ ನಾನು ಉಪ್ಪಿಟ್ಟು ತೆಗೆದುಕೊಂಡು ಹೋದಾಗ ಅಜ್ಜನಿಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. "ನಲವತ್ತು ಚಳಿಗಾಲ ಹಿಂದೆ ನೋಡಿದ್ದೇನಮ್ಮ, ಇನ್ನು ಸಾಕು" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಮುಂದಕ್ಕೆ ಹೋಗಲೆಂದೇ ಮಾಡಿದ ಗಾಡಿಯನ್ನು ಜನ ನಲವತ್ತು ವರ್ಷ ಯಾಕೆ ಹಿಂದಕ್ಕೆ ಓಡಿಸುತ್ತಾರೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಹುಡುಕಿದರೆ ಉತ್ತರ ಶುರುವಾಗುವುದು ರೈಲಿನಿಂದ. 1869ರಲ್ಲಿ ಟೊರಾಂಟೊದ ಜೆ. ಡಬ್ಲ್ಯು. ಎಲಿಯಟ್ ಎಂಬ ದಂತವೈದ್ಯರು ಹಳಿಯ ಮೇಲಿನ ಹಿಮವನ್ನು ತಿರುಗುವ ಚಕ್ರದಿಂದ ಎಸೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಹಲ್ಲಿನ ಡಾಕ್ಟರಿಗೂ ಹಿಮಕ್ಕೂ ಏನು ಸಂಬಂಧ ಅಂತ ಕೇಳಬೇಡಿ! ಅವರ ಯೋಚನೆ ಕಾಗದದಲ್ಲೇ ಉಳಿಯಿತು. ಅದನ್ನು ಬೆಳೆಸಿದವರು ನಮ್ಮ ಆರೆಂಜ್‌ವಿಲ್‌ನವರೇ ಆದ ಆರೆಂಜ್ ಜುಲ್. ಚಿಕ್ಕ ಮಾದರಿಗಳನ್ನು ಮಾಡಿ, ಹಿಮದ ಬದಲು ಮರಳು ಹಾಕಿ ಅವರು ಪರೀಕ್ಷೆ ಮಾಡುತ್ತಿದ್ದರಂತೆ. 1883-84ರ ಚಳಿಗಾಲದಲ್ಲಿ ಲೆಸ್ಲಿ ಸಹೋದರರು ಅದನ್ನು ಪೂರ್ಣ ಗಾತ್ರದಲ್ಲಿ ಕಟ್ಟಿದರು, ಅದು ಗೆದ್ದಿತು. ಅಲ್ಲಿ ಮುಂದೋ ಹಿಂದೋ ಅನ್ನುವ ಗೊಂದಲವೇ ಇರಲಿಲ್ಲ. ದೊಡ್ಡ ಚಕ್ರ ಮುಂದೆ, ಅದನ್ನು ತಿರುಗಿಸುವ ಹಬೆಯ ಎಂಜಿನ್ ಅದರ ಬೆನ್ನಿಗೇ, ಇಡೀ ಬಂಡಿಯನ್ನು ಹಿಂದಿನಿಂದ ತಳ್ಳುವುದಕ್ಕೆ ಬೇರೆ ರೈಲು ಎಂಜಿನ್‌ಗಳು.

ರೈಲಿಗೆ ದಾರಿಯಾಯಿತು. ರಸ್ತೆಗೆ? ಆಗ ಹಳ್ಳಿಗಳಲ್ಲಿ ಹಿಮ ತೆಗೆಯುತ್ತಲೇ ಇರಲಿಲ್ಲ! ಕುದುರೆ ಕಟ್ಟಿದ ದೊಡ್ಡ ಮರದ ಉರುಳೆಯನ್ನು ಓಡಿಸಿ ಹಿಮವನ್ನು ಒತ್ತಿ ಗಟ್ಟಿ ಮಾಡುತ್ತಿದ್ದರು, ಅದರ ಮೇಲೆ ಜಾರುಬಂಡಿ ಓಡುತ್ತಿತ್ತು. ಇದನ್ನು ಓದಿದಾಗ ನನಗೆ ಹಾಸನದ ಕಡೆಯ ನನ್ನ ತವರಿನ ಕಣ ನೆನಪಾಯಿತು. ಅಲ್ಲಿ ಎತ್ತು ಕಟ್ಟಿ ರಾಗಿಯ ಮೇಲೆ ರೋಣಗಲ್ಲು ಓಡಿಸುತ್ತಿದ್ದರು. ರೋಣಗಲ್ಲು ಅಂದರೆ ತೆನೆಯಿಂದ ಕಾಳು ಬಿಡಿಸುವ ಕಲ್ಲಿನ ಉರುಳೆ. ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ, ಹೇಳುತ್ತಾರೆ.

ಕಣದ ಮಾತು ಸುಮ್ಮನೆ ತೆಗೆದಿದ್ದಲ್ಲ. ಮುಂದಿನ ಹೆಜ್ಜೆ ಬಂದದ್ದೂ ಒಕ್ಕಣೆಯಿಂದಲೇ. ಮಾಂಟ್ರಿಯಲ್ ಬಳಿಯ ಸೇಂಟ್ ಲಿಯೊನಾರ್ಡಿನಲ್ಲಿ 1876ರಲ್ಲಿ ಹುಟ್ಟಿದ ಆರ್ಥರ್ ಸಿಕಾರ್ ಹೈನುಗಾರಿಕೆ ಮಾಡುವ ಮನೆಯ ಹುಡುಗ. ಹಿಮ ಬಿದ್ದರೆ ರಸ್ತೆ ಬಂದ್, ರಸ್ತೆ ಬಂದ್ ಆದರೆ ಹಾಲು ಪೇಟೆ ಸೇರುವುದಿಲ್ಲ, ಕೆಡುತ್ತದೆ. 1894ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಆತ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಕ್ಕಣೆ ಯಂತ್ರವನ್ನು ನೋಡಿದ. ಒಂದು ಕಡೆಯಿಂದ ತೆನೆ ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಹುಲ್ಲು ಹಾರಿ ಬೀಳುತ್ತದೆ. ಹಿಮವನ್ನೂ ಹೀಗೇ ತೂರಬಾರದೇಕೆ ಅನ್ನಿಸಿತು. ಈಗ ನಿಮ್ಮಲ್ಲಿ ಹಲವರಿಗೆ ಅದೇ ಹದಿನೆಂಟು ವಯಸ್ಸು. ಆದರೆ ಸಿಕಾರ್ ಕೈಗೆ ಯಂತ್ರ ಬಂದದ್ದು 1925ರಲ್ಲಿ, ಮೂವತ್ತೊಂದು ವರ್ಷದ ನಂತರ. ಲಾರಿಯ ಮುಂಭಾಗಕ್ಕೆ ಹಿಮ ಅಗೆಯುವ ಸುರುಳಿ ಅಲಗುಗಳು, ಅವುಗಳಿಗೇ ಬೇರೊಂದು ಎಂಜಿನ್, ಹಿಮವನ್ನು ಎಸೆಯುವ ಕೊಳವೆ. ಅದು ತೊಂಬತ್ತು ಅಡಿಗೂ ಹೆಚ್ಚು ದೂರ ಎಸೆಯುತ್ತಿತ್ತು. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಊಟ್ರಮಾಂಟ್ ಪಟ್ಟಣ ಮೊದಲ ಯಂತ್ರವನ್ನು ಕೊಂಡಿತು.

ನೋಡಿ, ರೈಲಿನಲ್ಲಿ ಮುಂದೆ, ಲಾರಿಯಲ್ಲೂ ಮುಂದೆ. ಹಾಗಾದರೆ ಟ್ರ್ಯಾಕ್ಟರಿನಲ್ಲಿ ಯಾಕೆ ಹಿಂದೆ ಹೋಯಿತು?

ಕಾರಣ ಹಿಮವಲ್ಲ, ಬೇಸಾಯ. ಮೊದಲು ಎತ್ತಾಗಲಿ ಕುದುರೆಯಾಗಲಿ ಮುಂದೆ, ನೇಗಿಲು ಹಿಂದೆ. ಟ್ರ್ಯಾಕ್ಟರು ಕುದುರೆಯ ಜಾಗಕ್ಕೆ ಬಂತು, ಸಲಕರಣೆ ಹಿಂದೆಯೇ ಉಳಿಯಿತು. 1918ರ ಸುಮಾರಿಗೆ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಟ್ರ್ಯಾಕ್ಟರಿನ ಹಿಂಭಾಗದಿಂದ ತಿರುಗುವ ಒಂದು ದಂಡವನ್ನು ಹೊರಗೆ ತಂದಿತು. ಎಂಜಿನ್ನಿನ ಶಕ್ತಿ ಆ ದಂಡದ ಮೂಲಕ ಕೊಯ್ಲು ಯಂತ್ರಕ್ಕೆ ಹೋಗುತ್ತಿತ್ತು. ಇದಕ್ಕೇ ಪಿಟಿಒ ಅನ್ನುತ್ತಾರೆ. ಇವತ್ತಿಗೂ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಅದರ ವೇಗ ನಿಮಿಷಕ್ಕೆ 540 ಸುತ್ತು. ಕರ್ನಾಟಕದಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಒಕ್ಕಣೆ ಯಂತ್ರ ತಿರುಗುವುದೂ ಇದೇ ದಂಡದಿಂದ.

ಎರಡನೆಯದು ಐರ್ಲೆಂಡಿನ ಹ್ಯಾರಿ ಫರ್ಗುಸನ್ ಅವರ ಮೂರು ಕೊಂಡಿಯ ಜೋಡಣೆ. 1926ರಲ್ಲಿ ಪೇಟೆಂಟ್ ಸಿಕ್ಕಿತು, 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನೊಂದಿಗೆ ಅಮೆರಿಕದ ಹೊಲಗಳಿಗೆ ಬಂತು. ಭಾರದ ಸಲಕರಣೆಯನ್ನು ರೈತ ಕೂತಲ್ಲಿಂದಲೇ ಎತ್ತಬಹುದು, ಇಳಿಸಬಹುದು. ಅದೂ ಹಿಂದೆಯೇ.

ಮೂರನೆಯ ಹೆಜ್ಜೆ ನಮ್ಮ ಒಂಟಾರಿಯೊದ್ದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ತುಳಿದರೆ ಚಕ್ರದ ಜೊತೆ ಪಿಟಿಒ ದಂಡವೂ ನಿಂತುಬಿಡುತ್ತಿತ್ತು. ಹಿಮಕ್ಕೆ ಇದು ಕೆಲಸಕ್ಕೆ ಬಾರದು. ಹಿಮದ ಗುಡ್ಡೆ ಎದುರಾದಾಗ ಗಾಡಿ ನಿಲ್ಲಬೇಕು, ಬ್ಲೋವರ್ ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. 1946ರಲ್ಲಿ ಬ್ರ್ಯಾಂಟ್‌ಫರ್ಡಿನ ಕಾಕ್‌ಶಟ್ ಕಂಪನಿ ತನ್ನ ಮಾಡೆಲ್ 30 ಟ್ರ್ಯಾಕ್ಟರಿನಲ್ಲಿ ದಂಡಕ್ಕೆ ಬೇರೆ ಕ್ಲಚ್ ಕೊಟ್ಟಿತು. ಚಕ್ರ ನಿಂತರೂ ದಂಡ ತಿರುಗಬಲ್ಲದು. ಈ ಮೂರೂ ಸೇರಿದ ಮೇಲೆ, ಬೇಸಿಗೆಯಲ್ಲಿ ಹುಲ್ಲು ಕಟ್ಟುವ ಟ್ರ್ಯಾಕ್ಟರಿಗೇ ಚಳಿಗಾಲದಲ್ಲಿ ಬ್ಲೋವರ್ ಸಿಕ್ಕಿಸುವುದು ಸುಲಭವಾಯಿತು. ಶಕ್ತಿ ಹಿಂದೆ ಇತ್ತು, ಯಂತ್ರವೂ ಹಿಂದೆ ಹೋಯಿತು. ಓಡಿಸುವವನ ಕತ್ತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮುಂದೆ ಕಟ್ಟುವ ದಾರಿ ತೆರೆದದ್ದು ಇನ್ನೊಂದು ಕೆಲಸದಿಂದ. 1970ರ ದಶಕದಲ್ಲಿ ಕುಬೋಟಾದಂಥ ಜಪಾನಿನ ಸಣ್ಣ ಟ್ರ್ಯಾಕ್ಟರುಗಳು ಇಲ್ಲಿ ಹರಡಿದವು. ದೊಡ್ಡ ಅಂಗಳದ ಹುಲ್ಲು ಕತ್ತರಿಸಲು ಅವುಗಳ ಹೊಟ್ಟೆಯ ಕೆಳಗೆ ಕತ್ತರಿ ಕಟ್ಟುತ್ತಿದ್ದರು. ಅದಕ್ಕಾಗಿ ನಡುವಿನಲ್ಲೇ ಒಂದು ಪಿಟಿಒ ಬಂತು. ಆ ದಂಡವನ್ನು ಮುಂದಕ್ಕೆ ಎಳೆದರೆ ಮುಂದೆಯೇ ಬ್ಲೋವರ್ ತಿರುಗಿಸಬಹುದಲ್ಲ! ಹೀಗೆ ಹುಲ್ಲಿನ ದೆಸೆಯಿಂದ ಹಿಮಯಂತ್ರ ಮತ್ತೆ ಮುಂದಕ್ಕೆ ಬಂತು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ನಾವು ಸಣ್ಣ ಟ್ರ್ಯಾಕ್ಟರ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. ಬ್ಲೋವರ್ ಯಾವುದು ಅಂತ ಊಟದ ಮೇಜಿನಲ್ಲಿ ಒಂದು ತಿಂಗಳು ಚರ್ಚೆ.

ಹಿಂದಿನದರ ಪರವಾಗಿ ನಮ್ಮವರು ಮಾತಾಡಿದರು. ಬೆಲೆ ಕಡಿಮೆ, ಕಟ್ಟುವುದು ಸುಲಭ, ಕೆಡುವ ಭಾಗಗಳು ಕಡಿಮೆ. ಭಾರ ಹಿಂದಿನ ದೊಡ್ಡ ಚಕ್ರಗಳ ಮೇಲೆ ಬೀಳುವುದರಿಂದ ಹಿಡಿತ ಚೆನ್ನ. ಮುಂದಿನ ಲೋಡರ್ ಬಕೆಟ್ ಹಾಗೇ ಇರುತ್ತದೆ, ಸೌದೆ ಹೊರಬಹುದು. ಕ್ವಿಬೆಕ್ಕಿನಲ್ಲಿ ಇದಕ್ಕೊಂದು ಉಪಾಯವೂ ಇದೆ. ಬ್ಲೋವರಿನ ಬಾಯನ್ನು ಟ್ರ್ಯಾಕ್ಟರಿನ ಕಡೆಗೇ ತಿರುಗಿಸಿ ಕಟ್ಟುತ್ತಾರೆ. ಗ್ಯಾರೇಜ್ ಬಾಗಿಲಿನವರೆಗೆ ಹಿಂದಕ್ಕೆ ಹೋಗಿ, ಯಂತ್ರ ಇಳಿಸಿ, ಮುಂದಕ್ಕೆ ಎಳೆದುಕೊಂಡು ಬರುವುದು. ಮಾಂಟ್ರಿಯಲ್ ಕಡೆ ಗುತ್ತಿಗೆಯವರು ಮನೆಗಳ ಮುಂದಿನ ಹಿಮ ತೆಗೆಯುವುದು ಹೆಚ್ಚಾಗಿ ಹೀಗೆಯೇ. ಆದರೆ ಹಿಮ ತುಂಬ ಆಳವಾಗಿದ್ದರೆ ಟ್ರ್ಯಾಕ್ಟರಿನ ಚಕ್ರಗಳೇ ಅದನ್ನು ಮೊದಲು ತುಳಿದು ಗಟ್ಟಿ ಮಾಡುತ್ತವೆ.

ಮುಂದಿನದರ ಪರ ನಾನು. ಎದುರು ನೋಡುತ್ತಾ ಓಡಿಸಬಹುದು, ಹಾದಿಯಲ್ಲಿ ಮಗುವೋ ನಾಯಿಯೋ ಬಂದರೆ ಕಾಣುತ್ತದೆ. ತೊಂದರೆಗಳನ್ನೂ ಮುಚ್ಚಿಡಲಿಲ್ಲ. ಬೆಲೆ ಜಾಸ್ತಿ. ಲೋಡರ್ ಬಿಚ್ಚಿಡಬೇಕು. ಟ್ರ್ಯಾಕ್ಟರಿನ ಕೆಳಗೆ ಕಬ್ಬಿಣದ ಚೌಕಟ್ಟು ಕಟ್ಟಬೇಕು, ಅದರಿಂದ ನೆಲಕ್ಕೂ ಗಾಡಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಮೂತಿ ಭಾರವಾಗುವುದರಿಂದ ಹಿಂದೆ ತೂಕ ಹೇರಿ, ಚಕ್ರಗಳಿಗೆ ಸರಪಳಿ ಹಾಕಬೇಕು.

ಚರ್ಚೆ ಮುಗಿಸಿದವರು ಅಜ್ಜ. "ವರ್ಷಕ್ಕೆ ನಾಲ್ಕು ಸಲ ಹಿಮ ತೆಗೆಯುವುದಾದರೆ ಹಿಂದಿನದು ತಗೊಳ್ಳಿ, ದುಡ್ಡು ಉಳಿಸಿ. ವಾರಕ್ಕೆ ಮೂರು ಸಲ ಆದರೆ ಸೀಟಿನ ಮೇಲೆ ಯಾರು ಕೂರುತ್ತಾರೆ ಅಂತ ಮೊದಲು ಕೇಳಿಕೊಳ್ಳಿ" ಅಂದರು. ನಮ್ಮಲ್ಲಿ ಕೂರುವವರು ಬೆನ್ನುನೋವಿನ ನನ್ನ ಗಂಡ, ಅವರು ಊರಲ್ಲಿಲ್ಲದಾಗ ನಾನು. ಮುಂದಿನದನ್ನೇ ತೆಗೆದುಕೊಂಡೆವು. ಚಳಿಗಾಲದಲ್ಲಿ ಸೌದೆಯನ್ನು ಈಗ ಕೈಗಾಡಿಯಲ್ಲಿ ತರುತ್ತೇವೆ, ಆ ಬಗ್ಗೆ ನಮ್ಮವರ ಗೊಣಗಾಟ ಇನ್ನೂ ನಿಂತಿಲ್ಲ. ಆದರೆ ಹೋದ ಫೆಬ್ರವರಿಯ ಹಿಮಗಾಳಿಯಲ್ಲಿ ಮೊದಲ ಸಲ ನಾನೇ ಅಜ್ಜನ ಮನೆಯ ಹಾದಿಯನ್ನು ಬಿಡಿಸಿಕೊಟ್ಟೆ. ಅವರು ಕಿಟಕಿಯಲ್ಲಿ ನಿಂತು ಕೈ ಬೀಸಿದರು.

ಒಂದು ಎಚ್ಚರಿಕೆ ಹೇಳದೆ ಮುಗಿಸಲಾರೆ. ಯಾವುದೇ ಸ್ನೋ ಬ್ಲೋವರ್ ಇರಲಿ, ಹಿಮ ಕಟ್ಟಿಕೊಂಡರೆ ಕೈ ಹಾಕಬೇಡಿ. ಎಂಜಿನ್ ಆರಿಸಿ, ಕೀಲಿ ತೆಗೆದು, ಎಲ್ಲ ನಿಂತ ಮೇಲೆ ಕೋಲಿನಿಂದ ಬಿಡಿಸಿ. ತಿರುಗುವ ದಂಡದ ಹತ್ತಿರ ಶಾಲು, ಸ್ಕಾರ್ಫ್, ದುಪಟ್ಟಾ ಯಾವುದೂ ಬೇಡ. ನಿಮಿಷಕ್ಕೆ 540 ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಬಟ್ಟೆ ಸಿಕ್ಕಿದರೆ ಎಳೆದುಕೊಳ್ಳುವಷ್ಟು ಸಮಯವನ್ನೂ ಅದು ಕೊಡುವುದಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಯಾವುದೋ ಯಂತ್ರ ಇರುತ್ತದೆ, ಅದು ಇರುವ ರೀತಿಗೆ ಎಂದೋ ಯಾರೋ ಮಾಡಿದ ತೀರ್ಮಾನ ಕಾರಣವಾಗಿರುತ್ತದೆ. ಒಂದನ್ನು ಆರಿಸಿಕೊಂಡು ಹುಡುಕಿ, ಕನ್ನಡದಲ್ಲಿ ಒಂದು ಪುಟ ಬರೆದು ಕಳಿಸಿ. ತಪ್ಪಿದ್ದರೆ ತಿದ್ದಲು ನಾನಿದ್ದೇನೆ. ಚಳಿ ಜೋಪಾನ. ನಮಸ್ಕಾರ.