ಕಾಂಕ್ರೀಟ್ ಕಟ್ಟಡಗಳ ಶ್ರವಣಾತೀತ ತರಂಗ ಪರೀಕ್ಷೆ ಮತ್ತು ಅರೇಖೀಯ ಗಣಿತ ಮಾದರಿ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ
ಹಳೆಯ ಕಟ್ಟಡಗಳ ದೃಢತೆಯ ಬಗ್ಗೆ ವರದಿ ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಕಾಂಕ್ರೀಟನ್ನು ಒಡೆಯದೆ ಪರೀಕ್ಷಿಸುವ ವಿಧಾನಗಳಲ್ಲಿ ಅಲ್ಟ್ರಾಸಾನಿಕ್ ಅಥವಾ ಶ್ರವಣಾತೀತ ತರಂಗ ಪರೀಕ್ಷೆಯು ಪ್ರಮುಖವಾದುದು. ಇದಕ್ಕೆ ಸಂಬಂಧಿಸಿದ 1992ರ ಭಾರತೀಯ ಮಾನಕ 13311 (ಭಾಗ 1)ರ ಬದಲಿಗೆ, ಮಾನಕ 516 (ಭಾಗ 5, ವಿಭಾಗ 1) ಅನ್ನು 2018ರಲ್ಲಿ ಪ್ರಕಟಿಸಲಾಗಿದೆ.

2. ವೇಗದ ಮಾಪನ
ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳುಳ್ಳ ತರಂಗವನ್ನು ಕಂಬದ ಒಂದು ಮಗ್ಗುಲಿನಿಂದ ಕಳುಹಿಸಿ, ಎದುರು ಮಗ್ಗುಲಿನಲ್ಲಿ ಸ್ವೀಕರಿಸಲಾಗುತ್ತದೆ. 300 ಮಿ.ಮೀ. ದಪ್ಪದ ಕಂಬವನ್ನು ತರಂಗವು 75 ಮೈಕ್ರೋಸೆಕೆಂಡುಗಳಲ್ಲಿ ದಾಟಿದಲ್ಲಿ, ಅದರ ವೇಗವು ಸೆಕೆಂಡಿಗೆ 4 ಕಿ.ಮೀ. ಆಗುತ್ತದೆ. ಒಳಗೆ ಪೊಳ್ಳು ಅಥವಾ ದೊಡ್ಡ ಬಿರುಕು ಇದ್ದಲ್ಲಿ ವೇಗವು ಇಳಿಯುತ್ತದೆ. ಆದರೆ ಆರಂಭದ ಹಂತದ ಸೂಕ್ಷ್ಮ ಬಿರುಕುಗಳು ವೇಗವನ್ನು ಅತ್ಯಲ್ಪವಾಗಿ ಮಾತ್ರ ತಗ್ಗಿಸುತ್ತವೆ.

3. ಗಣಿತ ಮಾದರಿ
ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದಂತೆ, ವಸ್ತುವಿನ ಹಿಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ. ಈ ನಿಯಮವನ್ನು ಪೂರ್ಣವಾಗಿ ಪಾಲಿಸುವ ವಸ್ತುವಿನಲ್ಲಿ ಎರಡು ತರಂಗಗಳು ಒಂದನ್ನೊಂದು ಬಾಧಿಸದೆ ದಾಟಿಹೋಗುತ್ತವೆ. ವಾಸ್ತವದಲ್ಲಿ ಅನುಪಾತವು ಸ್ವಲ್ಪ ತಪ್ಪುತ್ತದೆ. ಇದನ್ನೇ ಅರೇಖೀಯ ವರ್ತನೆ ಎನ್ನಲಾಗುತ್ತದೆ. ಎಫ್. ಡಿ. ಮರ್ನಾಘನ್ ಅವರು 1937ರಲ್ಲಿ ಮಂಡಿಸಿದ ಸಿದ್ಧಾಂತವು, ಎಲ್ಲ ದಿಕ್ಕುಗಳಲ್ಲಿಯೂ ಏಕರೂಪದ ಗುಣವುಳ್ಳ ಘನವಸ್ತುವಿಗೆ ಹಿಂದಿನ ಎರಡು ಸ್ಥಿರಾಂಕಗಳ ಜೊತೆಗೆ ಇನ್ನೂ ಮೂರನ್ನು ಸೇರಿಸುತ್ತದೆ.

ಇದರ ಪರಿಣಾಮವಾಗಿ, 50 ಕಿಲೋಹರ್ಟ್ಸ್ ತರಂಗವನ್ನು ಕಳುಹಿಸಿದಲ್ಲಿ 100 ಕಿಲೋಹರ್ಟ್ಸ್‌ನ ಕ್ಷೀಣ ತರಂಗವೂ ಹುಟ್ಟುತ್ತದೆ. 50 ಮತ್ತು 60 ಕಿಲೋಹರ್ಟ್ಸ್ ತರಂಗಗಳು ಕೂಡಿದಲ್ಲಿ 110 ಮತ್ತು 10 ಕಿಲೋಹರ್ಟ್ಸ್‌ನ ಹೊಸ ತರಂಗಗಳು ದೊರೆಯುತ್ತವೆ. ಸೂಕ್ಷ್ಮ ಬಿರುಕು ಅದುಮಿದಾಗ ಮುಚ್ಚಿ, ಎಳೆದಾಗ ತೆರೆಯುವುದರಿಂದ ಈ ಹೊಸ ತರಂಗಗಳು ಪ್ರಬಲವಾಗುತ್ತವೆ. ವೇಗದಲ್ಲಿ ಗಮನಾರ್ಹ ಬದಲಾವಣೆ ಕಾಣುವ ಮೊದಲೇ ಹಾನಿಯ ಸುಳಿವು ದೊರೆಯುವುದು ಈ ಕಾರಣದಿಂದ. ಆದಾಗ್ಯೂ, ಉಪಕರಣವೇ ಇಂತಹ ತರಂಗಗಳನ್ನು ಹುಟ್ಟಿಸಬಹುದಾದ್ದರಿಂದ ಮಾಪನದಲ್ಲಿ ಎಚ್ಚರಿಕೆ ಅಗತ್ಯ.

4. ಅರ್ಜಿದಾರರು ಗಮನಿಸತಕ್ಕ ಅಂಶಗಳು
(ಅ) ವರದಿಯಲ್ಲಿ ಪರೀಕ್ಷಿಸಿದ ಸ್ಥಳ, ಕಾಂಕ್ರೀಟಿನ ತೇವ ಮತ್ತು ಉಕ್ಕಿನ ಸರಳುಗಳ ಸ್ಥಾನ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು. ತೇವ ಮತ್ತು ಸರಳುಗಳು ವೇಗವನ್ನು ಹೆಚ್ಚಿಸಿ ತೋರಿಸಬಹುದು.
(ಆ) ವೇಗ ಒಂದರಿಂದಲೇ ಕಾಂಕ್ರೀಟಿನ ಬಲವನ್ನು ನಿರ್ಧರಿಸತಕ್ಕದ್ದಲ್ಲ. ರಿಬೌಂಡ್ ಹ್ಯಾಮರ್ ಪರೀಕ್ಷೆ ಹಾಗೂ ಕೊರೆದು ತೆಗೆದ ಮಾದರಿಯ ಪರೀಕ್ಷೆಯೊಡನೆ ಹೋಲಿಸುವುದು.
(ಇ) ಬೆಂಕಿಗೆ ತುತ್ತಾದ ಅಥವಾ ಸರಳುಗಳು ತುಕ್ಕು ಹಿಡಿದ ಕಟ್ಟಡಗಳಲ್ಲಿ, ವೇಗವು 'ಉತ್ತಮ' ಎಂದಿದ್ದರೂ ಸೂಕ್ಷ್ಮ ಬಿರುಕುಗಳಿಲ್ಲವೆಂದು ಭಾವಿಸತಕ್ಕದ್ದಲ್ಲ. ಇಂತಹ ಕಟ್ಟಡದಲ್ಲಿ ವಾಸ ಮುಂದುವರಿಸುವ ಮುನ್ನ ಹೆಚ್ಚಿನ ಪರೀಕ್ಷೆಯ ಅಗತ್ಯದ ಬಗ್ಗೆ ಅರ್ಹ ಇಂಜಿನಿಯರರಿಂದ ಲಿಖಿತ ಅಭಿಪ್ರಾಯ ಪಡೆಯುವುದು.