ಗೂಡಿನಿಂದ ಬಿದ್ದ ಮರಿ: ಸಾಕುವುದೋ, ಕಳಿಸಿಕೊಡುವುದೋ?

ಮುಂಗಾರಿಗೆ ಮೊದಲು ಬೀಸುವ ಗಾಳಿಮಳೆಯ ಮರುದಿನ ಬೆಳಿಗ್ಗೆ ನಮ್ಮ ಅನೇಕ ಮನೆಗಳಲ್ಲಿ ಒಂದು ಪ್ರಸಂಗ ತಪ್ಪದೆ ನಡೆಯುತ್ತದೆ. ಅಂಗಳದ ಮಾವಿನ ಮರದಡಿ ಬಿದ್ದಿದ್ದ ಹಕ್ಕಿಮರಿಯೊಂದನ್ನು ಮಕ್ಕಳು ಬೊಗಸೆಯಲ್ಲಿಟ್ಟುಕೊಂಡು ಒಳಗೆ ತರುತ್ತಾರೆ. ರಟ್ಟಿನ ಪೆಟ್ಟಿಗೆ ಹುಡುಕಿ ಹಳೆಯ ಬಟ್ಟೆ ಹಾಸುತ್ತಾರೆ. ಒಬ್ಬರು ಹತ್ತಿಯನ್ನು ಹಾಲಿನಲ್ಲಿ ಅದ್ದಿ ಹಿಡಿದರೆ, ಇನ್ನೊಬ್ಬರು ಅನ್ನದ ಅಗುಳು ತುರುಕುತ್ತಾರೆ. ‘ಮನುಷ್ಯರು ಮುಟ್ಟಿದ ಮರೀನ ತಾಯಿ ಹತ್ತಿರ ಸೇರಿಸೋದಿಲ್ಲ ಕಣ್ರೋ’ ಎಂದು ಅಜ್ಜಿ ಒಳಗಿನಿಂದ ಹೇಳುತ್ತಾರೆ. ಎರಡು ದಿನ ಮನೆಯಲ್ಲೆಲ್ಲ ಅದರದೇ ಮಾತು. ಮೂರನೆಯ ದಿನ ಸಾಮಾನ್ಯವಾಗಿ ಪೆಟ್ಟಿಗೆ ಖಾಲಿಯಾಗಿರುತ್ತದೆ. ಹಿತ್ತಿಲಲ್ಲಿ ಪುಟ್ಟದೊಂದು ಮಣ್ಣಿನ ಗುಡ್ಡೆ ಎದ್ದಿರುತ್ತದೆ.

ಆ ಮಕ್ಕಳ ಕರುಣೆಯಲ್ಲಿ ಕೊರತೆಯೇನೂ ಇರಲಿಲ್ಲ. ಕೊರತೆಯಿದ್ದದ್ದು ತಿಳಿವಳಿಕೆಯಲ್ಲಿ. ಒಂದು ವೇಳೆ ಮರಿ ಬದುಕಿಕೊಂಡಿತೆನ್ನಿ, ಆಗ ಇನ್ನೂ ದೊಡ್ಡ ಪ್ರಶ್ನೆ ಏಳುತ್ತದೆ: ಬದುಕಿದ ಆ ಹಕ್ಕಿ ಯಾರದು? ಮನುಷ್ಯನು ಈ ಪ್ರಶ್ನೆಯನ್ನು ಎದುರಿಸಿದ್ದು ಇಂದು ನಿನ್ನೆಯಲ್ಲ. ಅದಕ್ಕೆ ನಮ್ಮ ನಾಡಿನಲ್ಲೇ ಕನಿಷ್ಠ ನಾಲ್ಕು ಶತಮಾನಗಳ ಇತಿಹಾಸವಿದೆ.

ಖಂಬಾತಿನ ಹಕ್ಕಿ ಆಸ್ಪತ್ರೆ

ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿಯ ಹೆಸರು ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ಹೊಸದಲ್ಲ. 1623ರ ಕೊನೆಯಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ಕಾಲದ ಜನಜೀವನವನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟವನು ಅವನೇ. ಆದರೆ ಇಕ್ಕೇರಿಗೆ ಬರುವ ಮೊದಲು, ಅದೇ ವರ್ಷದ ಆರಂಭದಲ್ಲಿ, ಅವನು ಗುಜರಾತಿನ ಖಂಬಾತ್ ಬಂದರಿನಲ್ಲಿದ್ದ. ಅಲ್ಲಿ ಅವನನ್ನು ಬೆರಗುಗೊಳಿಸಿದ್ದು ಹಕ್ಕಿಗಳಿಗಾಗಿಯೇ ಇದ್ದ ಒಂದು ಆಸ್ಪತ್ರೆ.

ಕೋಳಿ, ಪಾರಿವಾಳ, ನವಿಲು, ಬಾತು, ಸಣ್ಣಪುಟ್ಟ ಹಕ್ಕಿಗಳು ಹೀಗೆ ಕಾಲು ಮುರಿದವು, ರೋಗ ತಗುಲಿದವು, ಜೊತೆಯನ್ನು ಕಳೆದುಕೊಂಡವು ಅಲ್ಲಿ ಆರೈಕೆ ಪಡೆಯುತ್ತಿದ್ದವು. ಖರ್ಚು ನಡೆಯುತ್ತಿದ್ದುದು ಊರವರ ದಾನದಿಂದ. ಅಲ್ಲಿಯೇ ಅವನು ತಾಯಿಯಿಲ್ಲದ ಕೆಲವು ಇಲಿಮರಿಗಳನ್ನೂ ಕಂಡ. ಬಿಳಿಗಡ್ಡದ ವೃದ್ಧರೊಬ್ಬರು ಅವನ್ನು ಹತ್ತಿಯ ನಡುವೆ ಬೆಚ್ಚಗಿಟ್ಟು, ಮೂಗಿನ ಮೇಲೆ ಕನ್ನಡಕವೇರಿಸಿಕೊಂಡು, ಹಕ್ಕಿಯ ಗರಿಯ ತುದಿಯಿಂದ ಹಾಲು ತೊಟ್ಟಿಕ್ಕಿಸುತ್ತಿದ್ದರು. ಬೆಳೆದ ಮೇಲೆ ಅವನ್ನು ಬಿಟ್ಟುಬಿಡುವುದೇ ತಮ್ಮ ಉದ್ದೇಶವೆಂದು ಆ ವೃದ್ಧರು ತಿಳಿಸಿದರಂತೆ.

ಆ ಆಸ್ಪತ್ರೆಯ ಒಂದು ಕಟ್ಟಳೆಯನ್ನೂ ದೆಲ್ಲಾ ವಲ್ಲೆ ದಾಖಲಿಸಿದ್ದಾನೆ. ಗುಣವಾದ ಹಕ್ಕಿ ಕಾಡಿನದಾಗಿದ್ದರೆ ಅದನ್ನು ಹಾರಲು ಬಿಡುತ್ತಿದ್ದರು. ಊರಿನ ಸಾಕುಹಕ್ಕಿಯಾಗಿದ್ದರೆ ಧರ್ಮಭೀರುವಾದ ಯಾರದಾದರೂ ಮನೆಗೆ ಕೊಡುತ್ತಿದ್ದರು. ಇಷ್ಟೇ ಕಟ್ಟಳೆ. ಕಾಡಿನದು ಕಾಡಿಗೆ, ಊರಿನದು ಊರಿಗೆ. ಈ ಪುಟ್ಟ ಮಾತಿನ ಹಿಂದಿರುವ ವಿವೇಕವನ್ನು ವಿಜ್ಞಾನ ವಿವರಿಸಿದ್ದು ಮುನ್ನೂರು ವರ್ಷಗಳ ನಂತರ.

ಖಂಬಾತಿನ ಆಸ್ಪತ್ರೆ ಆ ಕಾಲಕ್ಕೂ ಹೊಸತಾಗಿರಲಿಲ್ಲ. 1580ರ ದಶಕದಲ್ಲಿ ಬಂದಿದ್ದ ರಾಲ್ಫ್ ಫಿಚ್ ಎಂಬ ಇಂಗ್ಲಿಷ್ ವರ್ತಕನೂ ಅಲ್ಲಿ ಕುಂಟ ನಾಯಿ, ಬೆಕ್ಕು, ಹಕ್ಕಿಗಳ ಆಸ್ಪತ್ರೆಗಳಿದ್ದುದನ್ನು ಹೇಳಿದ್ದಾನೆ. ಪಶ್ಚಿಮ ಭಾರತದ ಜೈನ ಹಾಗೂ ವರ್ತಕ ಸಮುದಾಯಗಳ ಪಿಂಜರಾಪೋಲ್‌ಗಳು ಇದೇ ಪರಂಪರೆಯವು. ದಿಲ್ಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ, 1930ರ ಸುಮಾರಿಗೆ ಆರಂಭವಾದ ಹಕ್ಕಿಗಳ ಧರ್ಮಾಸ್ಪತ್ರೆ ಅದರ ಇತ್ತೀಚಿನ ಕುಡಿ. ಅಲ್ಲಿ ಸೇರಿದ ಹಕ್ಕಿಗಳಿಗೆ ಸಸ್ಯಾಹಾರವೇ ಪಥ್ಯ. ಆದ್ದರಿಂದ ಹದ್ದು, ಗಿಡುಗಗಳಂಥ ಮಾಂಸಾಹಾರಿಗಳನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಬಂದಾಗ ಮದ್ದು ಹಾಕಿ ಕಳಿಸುತ್ತಿದ್ದರು. ಕರುಣೆಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ನಮಗೆ ಪವಿತ್ರವೆನಿಸಿದ ಆಹಾರ ಹಕ್ಕಿಗೂ ಹಿತವಾಗಿರಬೇಕೆಂದಿಲ್ಲ. ಪೆಟ್ಟಿಗೆಯ ಮರಿಗೆ ಹಾಲು, ಅನ್ನ ಕೊಟ್ಟ ಮಕ್ಕಳ ತೊಡಕೂ ಇದೇ ಬಗೆಯದು.

ತಾಯಿ ಯಾರೆಂದು ಮರಿಗೆ ಗೊತ್ತೆ?

ಗುಣವಾದದ್ದನ್ನು ಬಿಟ್ಟುಬಿಡಬೇಕೆಂಬ ಕಟ್ಟಳೆಗೆ ಬರೋಣ. ಮೊಟ್ಟೆಯಿಂದ ಹೊರಬಂದ ಮರಿಗೆ ತಾನು ಯಾವ ಜಾತಿಯ ಹಕ್ಕಿ ಎಂಬ ಅರಿವು ಹುಟ್ಟಿನಿಂದಲೇ ಇರುತ್ತದೆಯೆ? ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ 1930ರ ದಶಕದಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದರು. ಮೊಟ್ಟೆಯೊಡೆದ ಹೆಬ್ಬಾತಿನ ಮರಿಗಳ ಕಣ್ಣಿಗೆ ಮೊದಲು ಬಿದ್ದದ್ದು ಅವರೇ ಆದಾಗ, ಮರಿಗಳು ಅವರನ್ನೇ ತಾಯಿಯೆಂದು ಬಗೆದು ಸಾಲಾಗಿ ಬೆನ್ನು ಹತ್ತಿದವು. ಎಳವೆಯ ಕೆಲವೇ ಗಂಟೆಗಳಲ್ಲಿ ಮನಸ್ಸಿಗೆ ಒತ್ತಿದ ಈ ಅಚ್ಚು ಸುಲಭವಾಗಿ ಅಳಿಸುವುದಿಲ್ಲ. ಪ್ರಾಣಿ ನಡವಳಿಕೆಯ ಅಧ್ಯಯನಕ್ಕಾಗಿ ಲೊರೆಂಜ್ ಇತರ ಇಬ್ಬರೊಡನೆ 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಲೊರೆಂಜ್ ಸಾಕಿದ, ಕಾಗೆಯ ಕುಲದ ಗಂಡುಹಕ್ಕಿಯೊಂದು ದೊಡ್ಡದಾದ ಮೇಲೆ ಅವರನ್ನೇ ತನ್ನ ಸಂಗಾತಿಯೆಂದು ಭಾವಿಸಿತು. ಹುಳುಗಳನ್ನು ಅರೆದು ತಂದು ಅವರ ಬಾಯಿಗೆ ಉಣಿಸಲು ಹೊರಡುತ್ತಿತ್ತು. ಅವರು ಬಾಯಿ ಮುಚ್ಚಿಕೊಂಡರೆ ಕಿವಿಗೆ ತುಂಬುತ್ತಿತ್ತು! ಕೇಳಿದರೆ ನಗು ಬರುತ್ತದೆ. ಹಕ್ಕಿಯ ಕಡೆಯಿಂದ ನೋಡಿದರೆ ನಗುವ ವಿಷಯವಲ್ಲ.

ನಮ್ಮ ಕೋಗಿಲೆಯ ಕಥೆ ಇಲ್ಲಿ ನೆನಪಾಗಬಹುದು. ಕಾಗೆಯ ಗೂಡಿನಲ್ಲಿ ಬೆಳೆಯುವ ಕೋಗಿಲೆಯನ್ನು ಹಳಗನ್ನಡ ಕವಿಗಳು ‘ಪರಪುಟ್ಟ’ ಎಂದರು, ಅಂದರೆ ಪರರಿಂದ ಪೋಷಿತವಾದದ್ದು. ಆದರೂ ಅದು ಕಾಗೆಯಂತೆ ಕೂಗುವುದಿಲ್ಲ, ಕಾಗೆಯನ್ನು ವರಿಸುವುದೂ ಇಲ್ಲ. ಪರರ ಗೂಡಿನಲ್ಲೇ ಬೆಳೆಯಬೇಕಾದ ಆ ಕುಲಕ್ಕೆ ಪ್ರಕೃತಿ ಬೇರೆಯೇ ಏರ್ಪಾಡು ಮಾಡಿಕೊಟ್ಟಿದೆ. ಉಳಿದ ಹಕ್ಕಿಗಳಿಗೆ ಆ ರಕ್ಷೆಯಿಲ್ಲ.

ಇದರ ಬೆಲೆ ಎಷ್ಟೆಂಬುದನ್ನು ತೋರಿಸಿಕೊಟ್ಟದ್ದು ಅಮೆರಿಕದ ‘ಟೆಕ್ಸ್’ ಎಂಬ ಹೆಣ್ಣು ಕ್ರೌಂಚ. ಹೂಪಿಂಗ್ ಕ್ರೇನ್ ಎಂಬ ಆ ಕುಲದಲ್ಲಿ 1941ರ ಹೊತ್ತಿಗೆ ಎರಡು ಡಜನ್ನಿಗಿಂತ ಕಡಿಮೆ ಹಕ್ಕಿಗಳು ಉಳಿದಿದ್ದವು. 1967ರಲ್ಲಿ ಟೆಕ್ಸಸ್‌ನ ಮೃಗಾಲಯವೊಂದರಲ್ಲಿ ಹುಟ್ಟಿದ ಟೆಕ್ಸ್, ಮನುಷ್ಯರ ಕೈಯಲ್ಲೇ ಬೆಳೆಯಿತು. ಜೀವವೇನೋ ಉಳಿಯಿತು. ಆದರೆ ಪ್ರಾಯಕ್ಕೆ ಬಂದಾಗ ಅದು ತನ್ನ ಕುಲದ ಗಂಡುಗಳತ್ತ ತಿರುಗಿಯೂ ನೋಡಲಿಲ್ಲ. ಮನುಷ್ಯರನ್ನು ಕಂಡರೆ ಮಾತ್ರ ಕುಣಿಯುತ್ತಿತ್ತು. ಅಳಿವಿನಂಚಿನ ಕುಲದಲ್ಲಿ ಒಂದೊಂದು ಹೆಣ್ಣೂ ಅಮೂಲ್ಯ. ಕೊನೆಗೆ ವಿಸ್ಕಾನ್ಸಿನ್‌ನ ಅಂತರರಾಷ್ಟ್ರೀಯ ಕ್ರೇನ್ ಪ್ರತಿಷ್ಠಾನದ ಜಾರ್ಜ್ ಆರ್ಚಿಬಾಲ್ಡ್ 1976ರಿಂದ ಅದರ ‘ಸಂಗಾತಿ’ಯಾದರು. ಅದರೊಡನೆ ಕುಪ್ಪಳಿಸಿ ಕುಣಿದರು, ಗೂಡು ಕಟ್ಟಲು ಜೊತೆಗೂಡಿದರು. ಕುಣಿತದಿಂದ ಹಕ್ಕಿ ಮೊಟ್ಟೆಯಿಡುವ ಹದಕ್ಕೆ ಬಂದಾಗ ಕೃತಕ ಗರ್ಭಧಾರಣೆ ನಡೆಯುತ್ತಿತ್ತು. ಹಲವು ವರ್ಷ ಪ್ರಯತ್ನಗಳು ಕೈಗೂಡಲಿಲ್ಲ. ಕಡೆಗೆ 1982ರ ಬೇಸಿಗೆಯಲ್ಲಿ ಒಂದು ಮರಿ ಹುಟ್ಟಿ ಉಳಿಯಿತು. ಅದಾದ ಕೆಲವೇ ವಾರಗಳಲ್ಲಿ ರಕೂನ್‌ಗಳು ಟೆಕ್ಸನ್ನು ಕೊಂದವು. ‘ಗೀ ವಿಜ್’ ಎಂಬ ಆ ಗಂಡುಮರಿ ಮುಂದೆ ತನ್ನ ಕುಲದ ಹೆಣ್ಣಿನೊಡನೆಯೇ ಸಂಸಾರ ಹೂಡಿತು.

ಒಂದು ಮರಿಯನ್ನು ಅಕ್ಕರೆಯಿಂದ ಸಾಕಿದ ತಪ್ಪನ್ನು ತಿದ್ದಲು ಒಬ್ಬ ವಿಜ್ಞಾನಿ ವರ್ಷಗಟ್ಟಲೆ ಕುಣಿಯಬೇಕಾಯಿತು. ಆಮೇಲೆ ತಜ್ಞರು ಹುಷಾರಾದರು. ಕ್ಯಾಲಿಫೋರ್ನಿಯಾದ ಕಾಂಡರ್ ರಣಹದ್ದುಗಳ ಮರಿಗಳನ್ನು 1983ರಿಂದ ಸ್ಯಾನ್ ಡೀಗೊ ಮೃಗಾಲಯದಲ್ಲಿ ಬೆಳೆಸಿದಾಗ, ಕೈಗೆ ತಾಯಿಹದ್ದಿನ ತಲೆಯಂಥ ಗೊಂಬೆಯನ್ನು ತೊಟ್ಟು ಉಣಿಸಿದರು. ಕ್ರೌಂಚ ಮರಿಗಳನ್ನು ಸಾಕುವವರು ಮೈತುಂಬ ಬಿಳಿ ನಿಲುವಂಗಿ ಹಾಕಿಕೊಂಡು, ಮಾತೇ ಆಡದೆ ಮೇವು ಕೊಡುವುದನ್ನು ರೂಢಿಸಿಕೊಂಡರು. ಇಷ್ಟಾದರೂ 1992ರಿಂದ ಕಾಡಿಗೆ ಬಿಟ್ಟ ಕಾಂಡರ್‌ಗಳಲ್ಲಿ ಕೆಲವು ಮನುಷ್ಯರ ವಸತಿಯ ಬಳಿ ಸುಳಿದವು, ವಿದ್ಯುತ್ ತಂತಿಗೆ ಸಿಕ್ಕಿ ಸತ್ತವು. ಹಸಿವು ತಣಿಸುವ ಗೊಂಬೆ, ಲೋಕದ ಅಪಾಯಗಳನ್ನು ಹೇಳಿಕೊಡಲಾರದು. ಹಿರಿಯ ಹಕ್ಕಿಗಳ ಸಹವಾಸವೇ ಅದಕ್ಕೆ ಪಾಠಶಾಲೆ ಎಂಬುದು ಮನವರಿಕೆಯಾಗಿ, ತಾಯ್ತಂದೆ ಹಕ್ಕಿಗಳಿಂದಲೇ ಮರಿ ಬೆಳೆಸುವತ್ತ ಒತ್ತು ಹೆಚ್ಚಿತು.

ಕೊಕ್ಕರೆ ಬೆಳ್ಳೂರಿನ ಬಾಣಂತನ

ಗೊಂಬೆ, ನಿಲುವಂಗಿಗಳ ಹಂಗಿಲ್ಲದೆ ಈ ಕೆಲಸ ಮಾಡಿದ ಒಂದು ಹಳ್ಳಿ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ಮೇಲೆ, ಮನೆಗಳ ಸೂರಿನ ಪಕ್ಕದಲ್ಲೇ ಗೂಡು ಕಟ್ಟುತ್ತವೆ. ಪ್ಲೇಗಿನ ಕಾಲದಲ್ಲಿ ಊರು ಶಿಂಷಾ ನದಿಯ ಕಡೆಯಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಹೊರಜಗತ್ತಿಗೆ ತಿಳಿಸುವವರೆಗೆ ಇದು ಊರವರ ಮತ್ತು ಹಕ್ಕಿಗಳ ನಡುವಿನ ವ್ಯವಹಾರವಾಗಿತ್ತು. ಮರದಡಿ ಗುಂಡಿ ತೋಡಿ ಹಿಕ್ಕೆಯನ್ನು ಕೂಡಿಹಾಕಿ ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು. ಹಕ್ಕಿ ಕೂತ ಮರದ ಹುಣಸೆಹಣ್ಣು ಕೈಗೆ ಬರುತ್ತಿರಲಿಲ್ಲ. ಆ ನಷ್ಟಕ್ಕೆ ಮುಂದೆ ಅರಣ್ಯ ಇಲಾಖೆ ಪರಿಹಾರ ನೀಡತೊಡಗಿತು.

ಇಂಥ ಊರಿನಲ್ಲೂ ಒಂದು ಸಮಸ್ಯೆಯಿತ್ತು. ಗಾಳಿಗೆ, ಗೂಡಿನ ನೂಕುನುಗ್ಗಲಿಗೆ ಮರಿಗಳು ಕೆಳಗೆ ಬೀಳುತ್ತವೆ. ನೆಲಕ್ಕೆ ಬಿದ್ದ ಮರಿಯನ್ನು ಹೆಜ್ಜಾರ್ಲೆ ಇಳಿದು ಬಂದು ಉಣಿಸುವುದಿಲ್ಲ. ಮರ ಎತ್ತರ, ಬಿದ್ದದ್ದು ಯಾವ ಗೂಡಿನಿಂದಲೋ ತಿಳಿಯದು. ನಾಯಿಯ ಬಾಯಿಗೆ ಬೀಳುವುದು ಅಥವಾ ಹಸಿದು ಸಾಯುವುದು, ಇವೆರಡೇ ಆ ಮರಿಗೆ ದಾರಿ. 1994ರಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಒತ್ತಾಸೆಯಿಂದ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಬಿದ್ದ ಮರಿಗಳಿಗಾಗಿ ಬೇಲಿಯ ಆವರಣವೊಂದು ಎದ್ದಿತು. ಗಾಯವಿದ್ದರೆ ಔಷಧಿ, ಹೊತ್ತುಹೊತ್ತಿಗೆ ಮೀನು. ಹಾಲಿಲ್ಲ, ಅನ್ನವಿಲ್ಲ, ತಾಯಿ ತನ್ನ ಚೀಲದಲ್ಲಿ ತರುತ್ತಿದ್ದುದೇ ಇಲ್ಲಿಯ ಊಟ. ಸುತ್ತಲಿನ ಮರಗಳಲ್ಲೆಲ್ಲ ಅದೇ ಕುಲದ ಹಕ್ಕಿಗಳು ಹಾರುತ್ತ, ಇಳಿಯುತ್ತ ಇರುವುದರಿಂದ ಮರಿಗೆ ತನ್ನವರು ಯಾರೆಂಬ ಮರೆವು ಉಂಟಾಗುವ ಸಂಭವ ಕಡಿಮೆ. ರೆಕ್ಕೆ ಬಲಿತ ದಿನ ಅವು ಎದ್ದು ತಮ್ಮವರನ್ನು ಸೇರುತ್ತವೆ.

2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದರೆ 2017ರ ಕೊನೆಯಿಂದ ಮುಂದಿನ ವರ್ಷದವರೆಗೆ ಹಲವಾರು ಹೆಜ್ಜಾರ್ಲೆಗಳು ಮರದಿಂದ ಉದುರಿ ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದವು. ಮರಿಯನ್ನು ಎತ್ತಿಕೊಂಡರೆ ಕೆಲಸ ಮುಗಿಯಲಿಲ್ಲ. ಅದು ಹಾರಿಹೋಗಿ ಇಳಿಯುವ ಕೆರೆಯೂ ಚೊಕ್ಕಟವಾಗಿರಬೇಕು ಎಂಬ ಪಾಠವನ್ನು ಆ ಸಾವುಗಳು ಕಲಿಸಿದವು.

ಅಂಗಳದಲ್ಲಿ ಮರಿ ಸಿಕ್ಕಿದರೆ

ಈಗ ಮನೆಯಂಗಳಕ್ಕೆ ಮರಳೋಣ. ಮೈಗೆ ಗರಿ ಬಂದು, ಕುಪ್ಪಳಿಸುತ್ತಿರುವ ಮರಿ ಅನಾಥವಲ್ಲ. ಅದು ಹಾರುವುದನ್ನು ಕಲಿಯುತ್ತಿದೆ. ತಾಯ್ತಂದೆ ಹತ್ತಿರದ ಕೊಂಬೆಯಲ್ಲೇ ಇರುತ್ತವೆ. ಬೆಕ್ಕನ್ನು ಒಳಗೆ ಕಟ್ಟಿ, ಮರಿಯನ್ನು ಪೊದೆಯ ಮರೆಗೆ ಸರಿಸಿ, ನಾವು ದೂರ ನಿಂತರೆ ಸಾಕು. ಗರಿಯಿಲ್ಲದ ಬೆತ್ತಲೆ ಮರಿಯಾದರೆ ಗೂಡಿಗೇ ಮರಳಿ ಇಡುವುದು ಅತ್ಯುತ್ತಮ. ಗೂಡು ಕಿತ್ತುಹೋಗಿದ್ದರೆ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಮರಕ್ಕೆ ಕಟ್ಟಬಹುದು. ಮುಟ್ಟಿದ ಮರಿಯನ್ನು ತಾಯಿ ತೊರೆಯುತ್ತದೆಂಬ ಅಜ್ಜಿಯ ಮಾತು ನಿಜವಲ್ಲ. ಹಕ್ಕಿಗಳು ಸಾಮಾನ್ಯವಾಗಿ ಮರಿಯನ್ನು ಗುರುತಿಸುವುದು ವಾಸನೆಯಿಂದಲ್ಲ. ಅದರ ಕೂಗಿನಿಂದ, ಗೂಡಿನ ಜಾಗದಿಂದ.

ಹಾಲು ಬೇಡವೇ ಬೇಡ. ಹಕ್ಕಿಯ ಹೊಟ್ಟೆ ಅದನ್ನು ಅರಗಿಸಿಕೊಳ್ಳದು. ಬಾಯಿಗೆ ನೀರು ಹನಿಸುವುದೂ ಅಪಾಯ. ನಾಲಗೆಯ ಬುಡದಲ್ಲೇ ಶ್ವಾಸನಾಳದ ಬಾಯಿರುವುದರಿಂದ ನೀರು ನೇರ ಪುಪ್ಪುಸಕ್ಕೆ ಇಳಿಯುತ್ತದೆ. ದೊಡ್ಡದಾದ ಮೇಲೆ ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗೆ ಕೊಡುವುದು ಹೆಚ್ಚಾಗಿ ಹುಳುಹುಪ್ಪಟೆಯನ್ನೇ. ಗಾಯವಾಗಿದ್ದರೆ ಗಾಳಿಯಾಡುವ ಕತ್ತಲೆಯ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ಬಲ್ಲ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ಬೇಗ ತಲುಪಿಸಬೇಕು. ನಮ್ಮ ಕಾಡುಹಕ್ಕಿಗಳನ್ನು ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದೂ ನೆನಪಿರಲಿ.

ಕಾಯ್ದೆಗಿಂತ ಮೊದಲೇ ಖಂಬಾತಿನ ವೃದ್ಧರಿಗೆ ತಿಳಿದಿದ್ದುದು, ಟೆಕ್ಸನ್ನು ಸಾಕಿದವರಿಗೆ ತಡವಾಗಿ ತಿಳಿದದ್ದು ಕೊಕ್ಕರೆ ಬೆಳ್ಳೂರಿನ ಹೆಂಗಸರ ಬಾಯಲ್ಲಿ ಮನೆಮಾತಾಗಿದೆ. ಊರಿಗೆ ಬರುವ ಹಕ್ಕಿಗಳನ್ನು ಅವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ತವರಿನವರು ಮಗಳಿಗೆ ಎಣ್ಣೆನೀರು ಹಾಕಿ, ಪಥ್ಯ ಮಾಡಿ ಬಡಿಸಿ, ಮಗುವನ್ನು ಎತ್ತಿ ಆಡಿಸುತ್ತಾರೆ. ಐದು ತಿಂಗಳಾದ ಮೇಲೆ ಮಡಿಲು ತುಂಬಿ ಕಳಿಸಿಕೊಡುತ್ತಾರೆ. ಕಣ್ಣು ಒದ್ದೆಯಾಗುತ್ತದೆ, ಆದರೆ ಯಾವ ತಾಯಿಯೂ ಮಗಳನ್ನು ಕಟ್ಟಿಹಾಕುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಬೆಳ್ಳೂರಿನ ಮರಗಳು ಬರಿದಾಗುತ್ತವೆ. ಮುಂದಿನ ವರ್ಷ ಮತ್ತೆ ಬಂದಾವೆಂದು ಊರು ಕಾಯುತ್ತದೆ.