ತಲ್ಲೂರಿನ ಮೇಲಣ ಲೋಹದ ಪದರ: ಗಾದಂಕಿಯ ಅಳತೆ ಎಲ್ಲಿಯವರೆಗೆ ಸಲ್ಲುತ್ತದೆ?

ಕುಂದಾಪುರ ತಾಲ್ಲೂಕಿನ ತಲ್ಲೂರಿನ ನೆತ್ತಿಯ ಮೇಲೆ, 80ರಿಂದ 105 ಕಿ.ಮೀ. ಎತ್ತರದ ನಡುವೆ, ಲೋಹದ ಬಿಡಿ ಪರಮಾಣುಗಳು ಪದರಗಟ್ಟಿವೆ. ಉರಿದು ಆವಿಯಾಗುವ ಉಲ್ಕಾಧೂಳೇ ಅವುಗಳ ಮೂಲ. ಸೋಡಿಯಂ ಅತಿ ದಟ್ಟವಾಗಿರುವುದು 90 ಕಿ.ಮೀ. ಆಸುಪಾಸಿನಲ್ಲಿ, ಅಲ್ಲೂ ಘನ ಸೆಂಟಿಮೀಟರಿಗೆ ಕೆಲವು ಸಾವಿರ ಪರಮಾಣುಗಳಷ್ಟೇ. ಇಷ್ಟು ವಿರಳವಾದದ್ದು ಗೊತ್ತಾದದ್ದು ಅದರ ಬೆಳಕಿನಿಂದ. ಇರುಳಾಗಸದ ಆ ಹಳದಿ ರೇಖೆಯನ್ನು ಸ್ಲೈಫರ್ 1929ರಲ್ಲಿ ದಾಖಲಿಸಿದರು. ಸಿಡ್ನಿ ಚಾಪ್ಮನ್ 1939ರಲ್ಲಿ ಕಾರಣ ಸೂಚಿಸಿದರು: ಓಝೋನಿನೊಡನೆ ಕೂಡಿ ಸೋಡಿಯಂ ಆಕ್ಸೈಡ್ ಆಗುತ್ತದೆ, ಆಮ್ಲಜನಕದ ಪರಮಾಣು ಅದನ್ನು ಮತ್ತೆ ಬಿಡಿಸುತ್ತದೆ, ಬಿಡುಗಡೆಯಾದವುಗಳಲ್ಲಿ ಕೆಲವು 589 ನ್ಯಾನೋಮೀಟರಿನ ಬೆಳಕು ಸೂಸುತ್ತವೆ. ಸೋಡಿಯಂ ಖರ್ಚಾಗದ ಕಾರಣ ಈ ಚಕ್ರ ರಾತ್ರಿಯಿಡೀ ನಡೆಯುತ್ತದೆ.

ತಲ್ಲೂರಿಗೆ ಹೊಂದುವ ಅಳತೆ ತಿರುಪತಿ ಬಳಿಯ ಗಾದಂಕಿಯದು. ಅಲ್ಲಿನ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ ಲೇಸರ್ ಬೆಳಕು ಹಾಯಿಸಿ ಸೋಡಿಯಂ ಅಳೆದಿದೆ. ಎರಡೂ ಊರುಗಳು ಹೆಚ್ಚುಕಡಿಮೆ 13.5 ಡಿಗ್ರಿ ಉತ್ತರ ಅಕ್ಷಾಂಶದ ನೆರೆಹೊರೆಯಲ್ಲಿವೆ. ಅಂತರ ಪೂರ್ವ-ಪಶ್ಚಿಮವಾಗಿ ಸುಮಾರು 490 ಕಿ.ಮೀ. ಸೂರ್ಯ ತಲ್ಲೂರಿನ ನೆತ್ತಿಗೆ ಬರುವುದು ಹದಿನೆಂಟು ನಿಮಿಷ ತಡವಾಗಿ. ಸೋಡಿಯಂನ ಸರಾಸರಿ ಪ್ರಮಾಣವನ್ನು, ಒಂದೇ ಅಕ್ಷಾಂಶದಲ್ಲಿ ಹೆಚ್ಚು ಬದಲಾಗದ ಉಲ್ಕೆ, ತಾಪ, ಓಝೋನ್‌ಗಳು ನಿರ್ಧರಿಸುವುದರಿಂದ, ಆ ಮಟ್ಟಿಗೆ ಗಾದಂಕಿಯ ಲೆಕ್ಕವನ್ನು ಇಲ್ಲಿಗೂ ಧೈರ್ಯವಾಗಿ ಬಳಸಬಹುದು.

ಒಂದೆರಡು ಕಿ.ಮೀ. ದಪ್ಪದ ಹಠಾತ್ ಲೋಹ-ಅಯಾನು ಪದರಗಳ ಮಾತು ಬೇರೆ. ಇವುಗಳ ವಿಷಯದಲ್ಲಿ ಗಾದಂಕಿಯನ್ನು ನಂಬಿ ಕರಾವಳಿಯನ್ನು ವಿವರಿಸುವುದು ಸರಿಯಲ್ಲವೆಂದೇ ನನ್ನ ನಿಲುವು. ಕೆಳಗೆ ಪೂರ್ವಕ್ಕೂ ಮೇಲೆ ಪಶ್ಚಿಮಕ್ಕೂ ಗಾಳಿ ಬೀಸಿದಾಗ, ಭೂಕಾಂತಕ್ಷೇತ್ರದ ಹಿಡಿತದಲ್ಲಿರುವ ಕಬ್ಬಿಣ, ಮೆಗ್ನೀಷಿಯಂ ಅಯಾನುಗಳು ನಡುವಿನ ಎತ್ತರಕ್ಕೆ ಬಂದು ಕೂಡುತ್ತವೆ. ರೇಡಿಯೊದವರು ಸ್ಪೊರಾಡಿಕ್ ಇ ಎನ್ನುವುದು ಇದನ್ನೇ. ಈ ಗಾಳಿಯನ್ನು ಕದಡುವುದರಲ್ಲಿ ಕೆಳಗಿನ ಮೋಡಗಳಿಂದಲೂ ಬೆಟ್ಟಗಳಿಂದಲೂ ಏಳುವ ಅಲೆಗಳಿಗೆ ಪಾಲಿದೆ. ತಲ್ಲೂರಿಗೆ ಪಶ್ಚಿಮದಲ್ಲಿ ಮುಂಗಾರಿನ ಕಡಲು, ಪೂರ್ವದಲ್ಲಿ ಕೊಡಚಾದ್ರಿಯ ಘಟ್ಟಸಾಲು; ಗಾದಂಕಿ ಇರುವುದು ಘಟ್ಟದ ಮಳೆನೆರಳಿನಾಚೆ.

ಮೋಡ ಕವಿದರೆ ಲೇಸರ್ ಉಪಯೋಗಕ್ಕೆ ಬಾರದು. ಅಂದರೆ ವ್ಯತ್ಯಾಸ ಕಾಣಬಹುದಾದ ಮುಂಗಾರಿನ ತಿಂಗಳುಗಳಲ್ಲೇ ಅಳತೆ ಕಡಿಮೆ. ಇಲ್ಲಿ ನೆರವಾಗುವುದು 2019ರ ಜೂನಿನಲ್ಲಿ ಹಾರಿದ ಕಾಸ್ಮಿಕ್-2ರ ಆರು ಉಪಗ್ರಹಗಳು. ಜಿಪಿಎಸ್ ಸಂಕೇತ ವಾಯುಮಂಡಲವನ್ನು ಹಾದುಬರುವಾಗ ಅದರಲ್ಲಾಗುವ ಕಂಪನದಿಂದ ಅವು ಸ್ಪೊರಾಡಿಕ್ ಇ ಪದರವನ್ನು ಗುರುತಿಸಬಲ್ಲವು. ಮೋಡ ಅವಕ್ಕೆ ಅಡ್ಡಿಯಲ್ಲ. ಅವುಗಳ ಜೂನ್–ಸೆಪ್ಟೆಂಬರ್ ದಾಖಲೆಯನ್ನು ಘಟ್ಟದ ಪಡುವಲು, ಮೂಡಲು ಎಂದು ಬೇರ್ಪಡಿಸಿ, ಸ್ಥಳೀಯ ಸೌರಕಾಲಕ್ಕೆ ಹೊಂದಿಸಿ ಹೋಲಿಸಬೇಕು.